ಅಳತೆ ಬೆನ್ನಿಗೆ ಮಾತ್ರ

ದೊಡ್ಡಮ್ಮ ತೀರಿಕೊಂಡ ಬೆಳಿಗ್ಗೆ ಚಿಂತಾಮಣಿಯ ನಮ್ಮ ಬೀದಿಯ ಹೆಂಗಸರಿಗೆಲ್ಲ ನನ್ನ ಮೇಲೆ ಸಿಟ್ಟು ಬಂದಿತ್ತು. ಹೆಣಕ್ಕೆ ನೀರು ಹಾಕುವುದು ನಾಲ್ಕಾರು ಜನ ಕೂಡಿ ಮಾಡುವ ಕೆಲಸ. ಅದರಲ್ಲಿ ಪುಣ್ಯವೂ ಇದೆ, ಸತ್ತವರ ಮೈಮೇಲೆ ಏನಿತ್ತು ಏನಿರಲಿಲ್ಲ ಎಂದು ಆಮೇಲೆ ವರ್ಷಗಟ್ಟಲೆ ಮಾತಾಡಿಕೊಳ್ಳುವ ಅನುಕೂಲವೂ ಇದೆ. ನಾನು ಎರಡನ್ನೂ ತಪ್ಪಿಸಿದ್ದೆ. ಅವರು ಮಲಗುತ್ತಿದ್ದ ಹಿತ್ತಲ ಕೋಣೆಗೇ ಬಿಸಿನೀರು ತರಿಸಿ, ಎಲ್ಲರನ್ನೂ ಹೊರಗೆ ಕಳಿಸಿ ಚಿಲಕ ಹಾಕಿಕೊಂಡಿದ್ದೆ. ಅಷ್ಟು ದಪ್ಪದ ಹೆಂಗಸನ್ನು ಇವಳೊಬ್ಬಳೇ ಹೇಗೆ ಹೊರಳಿಸುತ್ತಾಳೆ ಎಂದು ಎದುರುಮನೆಯ ಸುಬ್ಬಕ್ಕ ಬಾಗಿಲಾಚೆ ಗೊಣಗುತ್ತಿದ್ದದ್ದು ನನಗೆ ಕೇಳಲೆಂದೇ ಗೊಣಗಿದ್ದು.

ನಾನು ಮಾಡಿದ್ದು ನನ್ನ ಬುದ್ಧಿಯಿಂದಲ್ಲ. ದೊಡ್ಡಮ್ಮನೇ ಎರಡು ವರ್ಷದ ಕೆಳಗೆ ನನ್ನಿಂದ ಮಾತು ತೆಗೆದುಕೊಂಡಿದ್ದರು. "ನಾನು ಸತ್ತಾಗ ನೀನೊಬ್ಬಳೇ ನೀರು ಹಾಕ್ಬೇಕು ಕಣೇ. ಇನ್ನೊಬ್ರನ್ನ ಒಳಗೆ ಬಿಡಬೇಡ" ಎಂದಿದ್ದರು. ಸತ್ತ ಮೇಲೂ ದರ್ಬಾರು ನಡೆಸುವ ಆಸೆ ಈ ಹೆಂಗಸಿಗೆ ಎಂದುಕೊಂಡು ಆಗಲಿ ಅಂದಿದ್ದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. 'ಬಾಡಿ' ಎನ್ನುವ ಮಾತಿರುವ ಪುಟದಲ್ಲಿ ತಮ್ಮ ಹೆಸರು ಅಚ್ಚಾಗಿದೆ ಎಂದರೆ ಚಿತೆಯಿಂದ ಎದ್ದು ಬಂದು ಪುಟ ಹರಿಯುವ ಪೈಕಿ. ಆದರೆ ಅವರ ಕಸುಬೇ ಅದು. ಈಗಿನ ಹುಡುಗಿಯರಿಗೆ ಬ್ರಾ ಎಂದರೆ ತಿಳಿದೀತು. ನಮಗೆಲ್ಲ ಅದು ಬಾಡಿ. ಮೈಗೆ ಇಂಗ್ಲಿಷಿನವರು ಇಟ್ಟಿದ್ದ ಹೆಸರನ್ನು ತೆಗೆದು ನಮ್ಮವರು ಒಳಗಿನ ಬಟ್ಟೆಗೆ ಇಟ್ಟರು. ಮೈಗೆ ಹೆಸರೇ ಬೇಡ ಎಂದು ಬಿಟ್ಟುಬಿಟ್ಟರು. ನನ್ನಜ್ಜಿಯ ಕಾಲಕ್ಕೆ ಅದೂ ಇರಲಿಲ್ಲ, ಗಂಟು ಕಟ್ಟಿದ ಕುಪ್ಪಸವೇ ಒಳಗೂ ಹೊರಗೂ. ಅಮ್ಮನ ಕಾಲಕ್ಕೆ ಬಿಳಿ ಪಾಪ್ಲಿನ್ ಬಟ್ಟೆಯ ಬಾಡಿ ಬಂತು. ಹೊಲಿಯುವ ಗಂಡಸು ಟೈಲರ್ ಹತ್ತಿರ ಹೋಗಿ ಕೇಳುವ ಹಾಗಿಲ್ಲವಲ್ಲ, ಆದ್ದರಿಂದ ದೊಡ್ಡಮ್ಮ ಬಂದರು. ಅವರು ನಮಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಆದರೂ ಬೀದಿಗೆಲ್ಲ ದೊಡ್ಡಮ್ಮ.

ದೊಡ್ಡ ಎನ್ನುವುದಕ್ಕೆ ತಕ್ಕ ಹೆಂಗಸೇ. ಎತ್ತರ ಹೆಚ್ಚಿಲ್ಲ, ಅಗಲ ಧಾರಾಳ. ಬಾಗಿಲಲ್ಲಿ ನಿಂತರೆ ನಡುಮನೆಗೆ ಬೆಳಕು ಬರುತ್ತಿರಲಿಲ್ಲ. ಏಪ್ರಿಲ್ ಬಿಸಿಲಲ್ಲೂ ಮಣಿಕಟ್ಟಿನವರೆಗೆ ತೋಳಿರುವ ರವಿಕೆ. ಎರಡೂ ದವಡೆಯಲ್ಲಿ ಸದಾ ಎಲೆಅಡಿಕೆ, ಹಾಗಾಗಿ ಕೆನ್ನೆಯೂ ದುಂಡಗೆ. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಬೀದಿಯಲ್ಲಿ ಹೆಣ್ಣು ಹೇಗಿರಬೇಕು ಎಂದು ಕೇಳಿದರೆ ಬೆರಳು ತೋರಿಸುತ್ತಿದ್ದದ್ದು ಅವರ ಕಡೆಗೆ. ಮೈ ತುಂಬಿದ್ದರೆ ಮನೆ ತುಂಬಿದೆ ಎಂದು ಅರ್ಥ. ಸಣಕಲು ಹುಡುಗಿಯನ್ನು ಕಂಡರೆ, ಇವರ ಮನೆಯಲ್ಲಿ ಉಣ್ಣಕ್ಕಿಲ್ಲವೋ, ಹೊಟ್ಟೆಯಲ್ಲಿ ಜಂತುವೋ, ಇಲ್ಲ ಎದೆಯಲ್ಲಿ ಪ್ರೇಮವೋ ಎಂದು ಮೂರು ಅನುಮಾನ. ಮೂರೂ ಮದುವೆಗೆ ಅಡ್ಡಿ.

ಅವರು ಅಳತೆ ತೆಗೆಯುವ ರೀತಿಯನ್ನು ಹೇಳದಿದ್ದರೆ ನಾನು ಏನೂ ಹೇಳಿದಂತಾಗುವುದಿಲ್ಲ. ಟೇಪು ಮುಟ್ಟುತ್ತಿರಲಿಲ್ಲ. ಟೇಪು ಗಂಡಸರದ್ದಂತೆ. "ಗೋಡೆ ಕಡೆ ತಿರುಗಮ್ಮ" ಅನ್ನುತ್ತಿದ್ದರು. ನಾವು ಸುಣ್ಣದ ಗೋಡೆಗೆ ಮೂಗು ತಾಗಿಸಿ ನಿಲ್ಲಬೇಕು. ಸೀರೆಯ ಮೇಲಿಂದಲೇ ಬೆನ್ನಿನ ಮೇಲೆ ಗೇಣು ಹಾಕುತ್ತಿದ್ದರು, ಎಡದಿಂದ ಬಲಕ್ಕೆ, ಭುಜದಿಂದ ಕೆಳಕ್ಕೆ. ಅಷ್ಟೇ. ಮುಂದಿನ ಅಳತೆ ತೆಗೆಯುವ ಮಾತೇ ಇಲ್ಲ, ಅದು ಮರ್ಯಾದೆಸ್ಥರ ಕೆಲಸವಲ್ಲ. ಮುಂಭಾಗ ಹೇಗಿರಬೇಕು ಎನ್ನುವುದನ್ನು ಅವರು ತಮ್ಮ ಮನಸ್ಸಿನಲ್ಲೇ ತೀರ್ಮಾನಿಸಿ ಹೊಲಿಯುತ್ತಿದ್ದರು. ಆ ತೀರ್ಮಾನ ಎಲ್ಲರಿಗೂ ಒಂದೇ.

ಹೀಗಾಗಿ ನಮ್ಮ ಬೀದಿಯಲ್ಲಿ ಹದಿನೆಂಟರ ಹುಡುಗಿಗೂ ಐದು ಹೆತ್ತ ತಾಯಿಗೂ ಎದೆ ಒಂದೇ ಆಕಾರದಲ್ಲಿತ್ತು. ದೇವರು ಒಬ್ಬೊಬ್ಬರನ್ನು ಒಂದೊಂದು ಥರ ಮಾಡಿದ್ದನ್ನು ದೊಡ್ಡಮ್ಮ ಕೂತು ತಿದ್ದಿದ್ದರು. ಹೆಚ್ಚಿದ್ದವರು ಉಸಿರು ಕಟ್ಟಿ ತೂರಿಸಿಕೊಳ್ಳಬೇಕು, ಕಡಿಮೆ ಇದ್ದವರು ಭರ್ತಿ ಮಾಡಿಕೊಳ್ಳಬೇಕು. ಯಾರಾದರೂ ಸಡಿಲವಾಯಿತು, ಬಿಗಿಯಾಯಿತು ಎಂದು ದೂರಿದರೆ, ಬಟ್ಟೆಯಲ್ಲಿ ತಪ್ಪಿಲ್ಲ, ಮೈಯೇ ಬಟ್ಟೆಗೆ ಹೊಂದಿಕೊಳ್ಳಬೇಕು ಎಂದು ಹೇಳಿ ಕಳಿಸುತ್ತಿದ್ದರು. ಭರ್ತಿಗೆ ಬೇಕಾದ ಸಾಮಾನನ್ನೂ ಅವರೇ ಕೊಡುತ್ತಿದ್ದರು. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆ ಕಸ. ಹತ್ತಿಗಿಂತ ಹಗುರ, ಒತ್ತಿದರೆ ಮತ್ತೆ ಉಬ್ಬುತ್ತದೆ. ಒಂದೇ ತೊಂದರೆ, ಎಷ್ಟು ಒಗೆದರೂ ಸತ್ತ ಹುಳದ ವಾಸನೆ ಸ್ವಲ್ಪ ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಬೀದಿಯ ಭಜನೆಗೆ ಹೋದರೆ ರೇಷ್ಮೆ ಮಾರುಕಟ್ಟೆಗೆ ಹೋದಂತೆ ಇರುತ್ತಿತ್ತು.

ಒಣಹಾಕುವುದಕ್ಕೂ ಅವರದೇ ಶಾಸ್ತ್ರ. ಬಾಡಿಯ ಮೇಲೆ ಲಂಗ, ಲಂಗದ ಮೇಲೆ ಟವಲ್. ಮೂರು ಅಂತಸ್ತಿನ ಕೆಳಗೆ ಅದು ಒಣಗುತ್ತಿತ್ತೋ ಕೊಳೆಯುತ್ತಿತ್ತೋ ಯಾರು ನೋಡಿದರು. ಬಿಸಿಲು ಬೀಳಲಿ ಬಿಡಿ ದೊಡ್ಡಮ್ಮ, ಕಜ್ಜಿಯಾಗುತ್ತದೆ ಎಂದು ನಾನು ಒಮ್ಮೆ ಅಂದಿದ್ದಕ್ಕೆ, "ಸೂರ್ಯನೂ ಗಂಡಸೇ ಅಲ್ವೇನೇ" ಎಂದಿದ್ದರು. ಅದೇ ಸೂರ್ಯನ ಎದುರಿಗೆ, ಅದೇ ಬೀದಿಯ ಕಾಂಪೌಂಡುಗಳ ಮೇಲೆ ಗಂಡಸರ ಪಟ್ಟಾಪಟ್ಟಿ ಚಡ್ಡಿಗಳು ಧ್ವಜಗಳಂತೆ ಹಾರಾಡುತ್ತಿದ್ದವು. ದೊಡ್ಡಮ್ಮನ ಯಜಮಾನರಂತೂ ಪಟ್ಟಾಪಟ್ಟಿಯಲ್ಲೇ ಜಗಲಿಗೆ ಬಂದು ಪೇಪರ್ ಓದುತ್ತಿದ್ದರು. ಅವರಿಗೂ ಒಂದು ಹೊಟ್ಟೆಯಿತ್ತು, ಅದು ಅಪ್ಪಟ ಅವರದೇ. ಅದನ್ನು ಕಂಡವರು ನೆಮ್ಮದಿಯ ಮನುಷ್ಯ ಎನ್ನುತ್ತಿದ್ದರು.

ನಮ್ಮಕ್ಕ ಕಡ್ಡಿ. ಅವಳನ್ನು ನೋಡಲು ಶಿಡ್ಲಘಟ್ಟದಿಂದ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟಿದ್ದ ಮನೆಯವರು ಬರುತ್ತಾರೆ ಎಂದಾಗ ಅಮ್ಮ ಮೊದಲು ಓಡಿದ್ದು ದೊಡ್ಡಮ್ಮನ ಮನೆಗೆ. ಅವರು ತಮ್ಮ ತಗಡಿನ ಟ್ರಂಕು ಹೊರಿಸಿಕೊಂಡು ಬಂದರು. ಗಂಜಿ ಹಾಕಿದ ಮೂರು ಲಂಗ ಒಂದರ ಮೇಲೊಂದು. ಬಾಡಿಯೊಳಗೆ ರೇಷ್ಮೆ ಕಸ. ಅಕ್ಕ ಕನ್ನಡಿಯಲ್ಲಿ ನೋಡಿಕೊಂಡು, ಇದು ಯಾರು ಎನ್ನುವ ಮುಖ ಮಾಡಿದಳು. ಕಾಫಿ ಲೋಟ ಹಿಡಿದು ಬಂದವಳನ್ನು ಹುಡುಗನ ತಾಯಿ ಪಕ್ಕಕ್ಕೆ ಕೂರಿಸಿಕೊಂಡು ಬೆನ್ನು ಸವರಿದರು, ಆಮೇಲೆ ಮೂಗು ಅರಳಿಸಿ ಒಮ್ಮೆ ಉಸಿರೆಳೆದರು. ನಮ್ಮಮ್ಮನ ಮುಖ ಬಿಳುಚಿಕೊಂಡಿತು. ಆಕೆ ಮಾತ್ರ ತಮ್ಮ ತಂಗಿಯ ಕಡೆ ತಿರುಗಿ "ಪಿಲ್ಲ ಬಾಗುಂದಿ", ಹುಡುಗಿ ಚೆನ್ನಾಗಿದ್ದಾಳೆ ಎಂದು ತೆಲುಗಿನಲ್ಲಿ ಅಂದರು. ಅಲ್ಲಿಗೆ ಸಂಬಂಧ ಕುದುರಿತು.

ಅವರು ಹೋದ ಮೇಲೆ ಅಕ್ಕ ಅಳತೊಡಗಿದಳು. ಮದುವೆಯಾದ ಮೇಲೆ ಗೊತ್ತಾಗುವುದಿಲ್ಲವೇ, ಆಗ ಮನೆಗೆ ಅಟ್ಟಿದರೆ ಏನು ಗತಿ ಎಂದು. ದೊಡ್ಡಮ್ಮ ಲಂಗಗಳನ್ನು ಮಡಿಸುತ್ತಾ ಒಂದು ಕಥೆ ಹೇಳಿದರು. ಗೌರಿಬಿದನೂರಿನ ಕಡೆ ಒಬ್ಬ ಹುಡುಗಿಯಿದ್ದಳಂತೆ, ನಮ್ಮಕ್ಕನಿಗಿಂತ ಕಡ್ಡಿ. ಇಬ್ಬರು ಬಂದು ನೋಡಿ ಬೇಡ ಎಂದು ಹೋದ ಮೇಲೆ ಅವಳ ತಾಯಿ ಹಳೆಯ ಸೀರೆ ಸುತ್ತಿ ದುಂಡಗೆ ಮಾಡಿ ಮೂರನೆಯವರಿಗೆ ತೋರಿಸಿದಳಂತೆ. ಮದುವೆಯಾಯಿತು. ವಾರದೊಳಗೆ ಅತ್ತೆಗೆ ತಿಳಿಯಿತು. ಅತ್ತೆ ಬುದ್ಧಿವಂತೆ. ಸೊಸೆಯನ್ನು ವಾಪಸು ಕಳಿಸಿದರೆ, ಕಣ್ಣಿದ್ದೂ ಮೋಸ ಹೋದರು ಎಂದು ಊರು ನಗುವುದು ತಮ್ಮನ್ನೇ ತಾನೆ? ಊರು ನೋಡಿದ ಮೈಯನ್ನೇ ಊರಿಗೆ ತೋರಿಸು ಎಂದುಬಿಟ್ಟಳಂತೆ. ದಿನಾ ಬೆಳಿಗ್ಗೆ ಎದುರಿಗೆ ನಿಂತು ಅವಳೇ ಸುತ್ತಿಸುತ್ತಿದ್ದಳಂತೆ.

ಅಕ್ಕ ಅಳು ನಿಲ್ಲಿಸಿ, ಆಮೇಲೆ ಆ ಹುಡುಗಿ ಅದನ್ನು ಯಾವಾಗ ಬಿಚ್ಚಿದಳು ಎಂದು ಕೇಳಿದಳು.

ದೊಡ್ಡಮ್ಮ ಟ್ರಂಕಿನ ಮುಚ್ಚಳ ಹಾಕಿದರು. "ಬಿಚ್ಚು ಅಂತ ಯಾರೂ ಹೇಳ್ಲಿಲ್ಲ ಕಣೇ."

ಅಕ್ಕನ ಕಥೆ ಅಷ್ಟು ದೂರ ಹೋಗಲಿಲ್ಲ. ಮದುವೆಯ ಮಾರನೆಯ ದಿನವೇ ಅವಳತ್ತೆ ನಗುತ್ತಾ, ಹುಟ್ಟಿದಾಗಿನಿಂದ ಹುಳದ ಮಧ್ಯೆ ಬೆಳೆದವಳಿಗೆ ನಮ್ಮನೆ ಕಸದ ವಾಸನೆ ತಿಳಿಯುವುದಿಲ್ಲವೇ ಎಂದರಂತೆ. ಆ ಕಸವನ್ನು ಮಾರಿದ್ದೂ ಅವರೇ. ಅಕ್ಕನಿಗೆ ಮುದ್ದೆಯ ಮೇಲೆ ತುಪ್ಪ ಹಾಕಿ ಹಾಕಿ ಅವರು ಎಂಥ ಭರ್ತಿ ಮಾಡಿದರೆಂದರೆ, ಈಗ ಡಾಕ್ಟರು ಅವಳಿಗೆ ಅದನ್ನು ಇಳಿಸಲು ಹೇಳುತ್ತಿದ್ದಾರೆ.

ತೊಂಬತ್ತರ ದಶಕ ಬಂದಿದ್ದೇ ದೊಡ್ಡಮ್ಮನ ವ್ಯಾಪಾರ ಕುಸಿಯಿತು. ಅಷ್ಟರಲ್ಲಿ ಯಜಮಾನರೂ ಹೋಗಿದ್ದರು, ಮಕ್ಕಳಿರಲಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಬರುವಾಗ ಅವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಚಿಂತಾಮಣಿಯ ಸಂತೆಯಲ್ಲಿ ರೆಡಿಮೇಡ್ ಬ್ರಾಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಬದನೆಕಾಯಿಯಂತೆ ಗುಡ್ಡೆ ಹಾಕಿ, ಕನ್ನಡ ತೆಲುಗು ಉರ್ದು ಮೂರರಲ್ಲೂ ಕೂಗಿ ಮಾರುತ್ತಿದ್ದರು. ಹೆಂಗಸರು ಪಕ್ಕದ ಅಂಗಡಿಯ ಹೇರ್‌ಪಿನ್ನುಗಳನ್ನು ಬಹಳ ಹೊತ್ತು ಪರೀಕ್ಷಿಸಿ, ಕೊನೆಗೆ ಗುಡ್ಡೆಯಿಂದ ಕೈಗೆ ಸಿಕ್ಕಿದ್ದನ್ನು ಎಳೆದು ಬುಟ್ಟಿಯಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗೆ ತುರುಕುತ್ತಿದ್ದರು. ಅಳತೆ ಸರಿಯಾಗದಿದ್ದರೆ ವಾಪಸು ಕೊಡುವಷ್ಟು ಗಂಡೆದೆ ಯಾರಿಗಿತ್ತು. ನಾನು ಒಂದು ದಿನ ಬೆಂಗಳೂರಿನಿಂದ ತಂದ ಬ್ರಾ ಡಬ್ಬಿಯನ್ನು ದೊಡ್ಡಮ್ಮನಿಗೆ ತೋರಿಸಿದೆ. ಮೇಲೆ ಒಬ್ಬ ಹುಡುಗಿಯ ಫೋಟೋ. ಮೂಳೆ ಎಣಿಸಬಹುದಾದ ಹುಡುಗಿ. ಪಾಪ, ಹೆತ್ತವರಿಲ್ಲವೇನೋ ಎಂದು ಮರುಗಿ, ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿಟ್ಟರು.

ಆದರೆ ಆ ಹುಡುಗಿಯೇ ಗೆದ್ದಳು. ಟೀವಿಯಲ್ಲಿ ಅವಳೇ, ಪತ್ರಿಕೆಯಲ್ಲಿ ಅವಳೇ. ನಮ್ಮ ದೇಶದ ಹುಡುಗಿಯರು ಸುಂದರಿಯರ ಸ್ಪರ್ಧೆ ಗೆದ್ದು ಬಂದ ಮೇಲಂತೂ ಸಂಬಂಧ ಹುಡುಕುವವರೆಲ್ಲ 'ಹುಡುಗಿ ಸ್ಲಿಮ್ ಇರಬೇಕು' ಎನ್ನತೊಡಗಿದರು. ಹತ್ತು ವರ್ಷದ ಕೆಳಗೆ ತೆಳ್ಳಗಿದ್ದಾಳೆ ಎಂದು ಬೇಡ ಎಂದವರೇ ಈಗ ದಪ್ಪಗಿದ್ದಾಳೆ ಎಂದು ಬೇಡ ಎಂದರು. ಬೇಡ ಎನ್ನುವ ಸಂಪ್ರದಾಯವನ್ನು ಮಾತ್ರ ಯಾರೂ ಬಿಡಲಿಲ್ಲ. ಗಂಡಸರಲ್ಲೂ ಬದಲಾವಣೆ ಆಯಿತು, ಇಲ್ಲವೆನ್ನಲಾರೆ. ಪಟ್ಟಾಪಟ್ಟಿ ಹೋಗಿ ಎಲಾಸ್ಟಿಕ್ಕಿನ ಜಟ್ಟಿ ಬಂತು, ಹೊಟ್ಟೆಯ ಮೇಲೆ ಗೆರೆಗಳಿರುವ ಯುವಕನ ಚಿತ್ರ ಗೋಡೆಗೆ ಬಂತು. ಹೊಟ್ಟೆ ಹಾಗೇ ಉಳಿಯಿತು. ಅದಕ್ಕೆ ಯಾರೂ ಬಟ್ಟೆ ಸುತ್ತಲಿಲ್ಲ.

ಸುತ್ತಿದ್ದು ನನ್ನ ಚಿಕ್ಕಮ್ಮನ ಮಗಳು ಮಂಜುಳಳಿಗೆ. ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಮುಗಿಸಿದ್ದ ಹುಡುಗಿ, ದುಂಡು ದುಂಡಗೆ, ನಗುಮುಖ. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಮನೆ ಮುಂದೆ ವರಗಳು ಸಾಲು ನಿಲ್ಲುತ್ತಿದ್ದರು. ನೋಡಲು ಬರುವ ಹುಡುಗನಿಗೆ ಸ್ಲಿಮ್ ಬೇಕಂತೆ ಎಂದು ಚಿಕ್ಕಮ್ಮ ಫೋನಿನಲ್ಲಿ ಅತ್ತಳು. ಈ ವಿಷಯ ಹೇಳಿದ್ದೇ ದೊಡ್ಡಮ್ಮನ ಕಣ್ಣು ಹೊಳೆಯಿತು. ತುಂಬುವುದು ಗೊತ್ತಿದ್ದವಳಿಗೆ ಇಳಿಸುವುದು ಗೊತ್ತಿರುವುದಿಲ್ಲವೇ ಎಂದು ಟ್ರಂಕು ತೆಗೆದರು. ನಾವಿಬ್ಬರೂ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋದೆವು.

ಬಾಣಂತಿಯರ ಸೊಂಟಕ್ಕೆ ಹಳೆಯ ಹತ್ತಿ ಸೀರೆ ಸುತ್ತುತ್ತಾರಲ್ಲ, ಅದೇ ವಿದ್ಯೆ. ಮಂಜುಳಳನ್ನು ಗೋಡೆಯ ಕಡೆ ತಿರುಗಿಸಿ, ಎದೆಯಿಂದ ಸೊಂಟದವರೆಗೆ ಎಳೆದೆಳೆದು ಸುತ್ತಿದರು. ಒಂದು ತುದಿಯನ್ನು ನಾನು ಹಿಡಿದಿದ್ದೆ. ಹುಡುಗಿ ನಿಜಕ್ಕೂ ತೆಳ್ಳಗಾದಳು, ಮುಖ ಮಾತ್ರ ಟೊಮೆಟೊ ಬಣ್ಣಕ್ಕೆ ತಿರುಗಿತು. ಉಪ್ಪಿಟ್ಟು ಕೇಸರಿಬಾತ್ ಕೊಡುವವರೆಗೂ ಎಲ್ಲ ಸರಿಯಾಗಿತ್ತು. ಆಮೇಲೆ ಹುಡುಗನ ಅಜ್ಜಿಗೆ ನಮಸ್ಕಾರ ಮಾಡು ಎಂದರು. ಅವಳು ಬಗ್ಗಿದಳು. ಪರ್ರ್ ಎಂದು ಇಡೀ ಹಾಲಿಗೆ ಕೇಳುವಂತೆ ಹರಿಯಿತು. ಹುಡುಗನ ತಾಯಿ ಏನದು ಎಂದು ಸುತ್ತ ನೋಡಿದರು. ಅಡುಗೆಮನೆಯಿಂದ ದೊಡ್ಡಮ್ಮ, ಕಿಟಕಿಯ ಪರದೆ ಎಂದು ಸಾರಿದರು. ಆ ಮನೆಯ ಕಿಟಕಿಗಳಿಗೆ ಪರದೆಯೇ ಇರಲಿಲ್ಲ. ಮಂಜುಳ ಅಲ್ಲೇ ನೆಲದ ಮೇಲೆ ಕೂತು, ಎಲ್ಲರೆದುರಿಗೆ, ಹೊಟ್ಟೆತುಂಬ ಉಸಿರೆಳೆದುಕೊಂಡಳು. ಬಂದವರು ಕೇಸರಿಬಾತ್ ಮುಗಿಸಿ, ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ದೊಡ್ಡಮ್ಮ ಹುಡುಗಿಯ ಮೇಲೇ ರೇಗಿದರು. ಒಂದು ಗಂಟೆ ಉಸಿರು ಹಿಡಿದರೆ ಏನಾಗುತ್ತಿತ್ತು, ಹೆಣ್ಣಾಗಿ ಅಷ್ಟೂ ತಾಳ್ಮೆ ಬೇಡವೇ ಎಂದು. ಮಂಜುಳ ಸೊಂಟದ ಕೆಂಪು ಗೆರೆಗಳನ್ನು ತೋರಿಸಿದಳು. ಅವಳಿಗೆ ಕೋಪ ಬಂದರೂ ದನಿ ಏರುತ್ತಿರಲಿಲ್ಲ.

"ದೊಡ್ಡಮ್ಮ, ನಿಮ್ಮನ್ನ ಯಾರಾದ್ರೂ ಹಿಂಗೆ ಸುತ್ತಿದ್ರೆ ನಿಮಗೆ ಗೊತ್ತಾಗ್ತಿತ್ತು. ನಿಮ್ಮದು ದೇವರು ಕೊಟ್ಟ ಮೈ. ನಿಮಗೇನು ಕಷ್ಟ?"

ಮಾತಿಗೆ ಮಾತು ಕೊಡುವ ಆ ಹೆಂಗಸು ಟ್ರಂಕನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ಎಲೆಅಡಿಕೆಯ ಚೀಲ ಬಿಚ್ಚಲಿಲ್ಲ. ಬಸ್ಸು ಶಿಡ್ಲಘಟ್ಟದಲ್ಲಿ ನಿಂತಾಗ ಕಿಟಕಿಯಿಂದ ಬೇಯಿಸಿದ ಗೂಡಿನ ವಾಸನೆ ನುಗ್ಗಿತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಅವರು ಮುಚ್ಚಿಕೊಳ್ಳಲಿಲ್ಲ. ಆಗಲೇ ನನ್ನ ಕೈ ಹಿಡಿದು, ಸತ್ತಾಗ ನೀನೊಬ್ಬಳೇ ನೀರು ಹಾಕಬೇಕು ಎಂದು ಮಾತು ತೆಗೆದುಕೊಂಡದ್ದು. ಎಲೆಅಡಿಕೆಯಿಲ್ಲದ ಅವರ ಕೆನ್ನೆಯನ್ನು ಅಂದು ಮೊದಲ ಸಲ ನೋಡಿದೆ. ಗುಳಿಬಿದ್ದಿತ್ತು. ಬಸ್ಸಿನ ಆಯಾಸ ಎಂದುಕೊಂಡೆ. ಎಕ್ಸ್‌ಚೇಂಜಿನಲ್ಲಿ ಊರಿನ ಗುಟ್ಟನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ನಾನು ಅಂಥ ಜಾಣೆ.

ಚಿಲಕ ಹಾಕಿಕೊಂಡ ಆ ಕೋಣೆಯಲ್ಲಿ ಸೀರೆ ತೆಗೆದೆ. ಒಂದು ಲಂಗ. ಅದರಡಿಯಲ್ಲಿ ಇನ್ನೊಂದು. ಅದರಡಿಯಲ್ಲಿ ಮತ್ತೊಂದು. ಉದ್ದ ತೋಳಿನ ರವಿಕೆ ಬಿಚ್ಚಿದರೆ ಎರಡೂ ತೋಳುಗಳಿಗೆ ಭುಜದಿಂದ ಮಣಿಕಟ್ಟಿನವರೆಗೆ ಹಳೆಯ ಸೀರೆಯ ಪಟ್ಟಿ, ನೀಟಾಗಿ, ಒಂದರ ಮೇಲೊಂದು. ಕೊನೆಗೆ ಬಾಡಿ. ಕೋಣೆಯ ತುಂಬ ಶಿಡ್ಲಘಟ್ಟದ ವಾಸನೆ ಹರಡಿತು. ಅದನ್ನೂ ತೆಗೆದ ಮೇಲೆ ಹಲಗೆಯ ಮೇಲೆ ಉಳಿದದ್ದು ಒಬ್ಬ ಸಣ್ಣ ಹೆಂಗಸು. ನಮ್ಮಕ್ಕನಿಗಿಂತ ಕಡ್ಡಿ. ಎರಡೂ ಭುಜದ ಮೇಲೆ ಬಾಡಿಯ ಪಟ್ಟಿ ಒತ್ತಿ ಒತ್ತಿ ಬಿದ್ದ ಕಾಲುವೆಯಂಥ ಗುಳಿ, ಅದರೊಳಗೆ ನನ್ನ ಬೆರಳು ಕೂರುತ್ತಿತ್ತು.

ನನಗೆ ಅಳು ಬಂತು. ಸಿಟ್ಟು ಅದಕ್ಕಿಂತ ಹೆಚ್ಚಾಗಿ ಬಂತು. ದಿನಾ ಬೆಳಿಗ್ಗೆ ಎದುರಿಗೆ ನಿಂತು ಸುತ್ತಿಸುತ್ತಿದ್ದ ಗೌರಿಬಿದನೂರಿನ ಆ ಅತ್ತೆ ಸತ್ತು ಯಾವ ಕಾಲವಾಯಿತು. ಗಂಡ ಹೋಗಿಯೂ ವರ್ಷಗಳಾದವು. ಮೈ ತುಂಬಿರಬೇಕು ಎನ್ನುತ್ತಿದ್ದ ಊರೇ ಈಗ ಮಾತು ಬದಲಾಯಿಸಿ, ತೆಳ್ಳಗಿರುವವಳನ್ನು ಹುಡುಕಿಕೊಂಡು ಹೋಗುತ್ತಿತ್ತು. ಈ ಹೆಂಗಸು ಹುಟ್ಟಿನಿಂದ ಇದ್ದ ಹಾಗೆ ಇದ್ದಿದ್ದರೂ ಆ ಹೊತ್ತಿಗೆ ಸುಂದರಿಯಾಗಿರುತ್ತಿದ್ದರು. ಬಿಚ್ಚು ಎಂದು ಹೇಳಲು ಮಾತ್ರ ಯಾರೂ ಉಳಿದಿರಲಿಲ್ಲ.

"ಸಾಕು ದೊಡ್ಡಮ್ಮ" ಅಂದೆ. ನೀರು ಹಾಕಿದೆ. ಹೊರಳಿಸಲು ಒಂದು ಕೈ ಸಾಕಾಯಿತು. ಒರೆಸಿದ ಮೇಲೆ ಕಿಟಕಿ ಸ್ವಲ್ಪ ತೆರೆದು, ಗಾಳಿ ತಾಗಲೆಂದು ಸ್ವಲ್ಪ ಹೊತ್ತು ಹಾಗೇ ಬಿಟ್ಟೆ. ಸುಬ್ಬಕ್ಕ ಬಾಗಿಲು ಬಡಿಯುತ್ತಲೇ ಇದ್ದರು.

ನನಗೂ ಧೈರ್ಯ ಅಷ್ಟೇ. ಕೊಟ್ಟ ಮಾತಿಗೆ, ಊರಿನ ಕಣ್ಣಿಗೆ, ಮೂರು ಲಂಗಗಳನ್ನೂ ಮತ್ತೆ ಉಡಿಸಿದೆ. ತೋಳಿಗೆ ಪಟ್ಟಿ ಸುತ್ತಿದೆ. ಬಾಡಿಯನ್ನು ಮಾತ್ರ ಆ ಭುಜಗಳ ಮೇಲೆ ಮತ್ತೆ ಏರಿಸಲು ಕೈ ಬರಲಿಲ್ಲ. ಎದೆಯ ಮೇಲೆ ಹೇಗೂ ಹೂವಿನ ಹಾರ ಬರುತ್ತದೆ. ಬಾಡಿಯನ್ನು ಮಡಿಸಿ ನನ್ನ ಸೆರಗಿನೊಳಗೆ ಸೇರಿಸಿಕೊಂಡು ಬಾಗಿಲು ತೆಗೆದೆ.

ಗೌರಿಬಿದನೂರಿನಿಂದ ಬಂದಿದ್ದ ಮೈದುನನ ಮಕ್ಕಳು ಚಟ್ಟಕ್ಕೆ ಹೆಗಲು ಕೊಟ್ಟರು. ಭಾರೀ ಹೆಂಗಸು ಎಂದು ತಯಾರಾಗಿ, ಪಂಚೆ ಬಿಗಿದು ಜೋರಾಗಿ ಎತ್ತಿದ್ದಕ್ಕೆ ಚಟ್ಟ ಹಾರಿ ಮೇಲೆ ಬಂತು. ನಾಲ್ವರೂ ಮುಖ ಮುಖ ನೋಡಿಕೊಂಡರು. ಇದೇನು, ತೂಕವೇ ಇಲ್ಲ ಎಂದ ಒಬ್ಬ. ಸುಬ್ಬಕ್ಕ ಕಣ್ಣೊರೆಸಿಕೊಂಡು, ಪುಣ್ಯವಂತರು ಹಾಗೆಯೇ ಹಗುರವಾಗಿ ಹೋಗುತ್ತಾರೆ ಎಂದು ಶಾಸ್ತ್ರ ಹೇಳಿದರು. ಎಲ್ಲರೂ ಕೈ ಮುಗಿದರು. ಒಬ್ಬ ಹೆಂಗಸು ಹಗುರವಾಗಿದ್ದಾಳೆ ಎಂದು ಆ ಬೀದಿ ಭಕ್ತಿಯಿಂದ ಒಪ್ಪಿಕೊಂಡದ್ದು ಅದೇ ಮೊದಲು.

ಸೂತಕದ ಸ್ನಾನಕ್ಕೆ ಎಲ್ಲರೂ ತಮ್ಮ ತಮ್ಮ ಮನೆಗೆ ಹೋದರು. ನಾನು ನನ್ನ ಬಟ್ಟೆಯ ಜೊತೆ ಆ ಬಾಡಿಯನ್ನೂ ಒಗೆದು, ಅಂಗಳದ ತಂತಿಯ ಮೇಲೆ, ಬೀದಿಗೆ ಕಾಣುವ ಕಡೆ ಹಾಕಿದೆ. ಲಂಗವಿಲ್ಲ, ಟವಲಿಲ್ಲ. ಬಿಸಿಲು ನೇರವಾಗಿ ಅದರ ಮೇಲೆ ಬಿದ್ದಿತ್ತು. ಸುಬ್ಬಕ್ಕ ಒದ್ದೆ ತಲೆಯಲ್ಲೇ ಗೇಟಿನ ಹತ್ತಿರ ಬಂದು ನಿಂತರು. ಅವರೂ ದೊಡ್ಡಮ್ಮನ ಕೈಯಿಂದ ಹೊಲಿಸಿಕೊಂಡವರೇ. ಬಹಳ ಹೊತ್ತು ನೋಡಿದರು.

"ಯಾರದಮ್ಮ ಅದು, ಹಂಗೆ ಬಯಲಲ್ಲಿ?"

"ನಂದೇ ಸುಬ್ಬಕ್ಕ" ಅಂದೆ. "ಒಣಗ್ಲಿ ಬಿಡಿ."